ಅಡಿಗೆಮನೆಯನ್ನು ನೋಡಲು ಬಂದ ಹತ್ತು ಸಾವಿರ ಜನ

(ಸಂಘದ ವಾಚನಾಲಯದಲ್ಲಿ ತಿಂಗಳ ಕೊನೆಯ ಭಾನುವಾರ ಸಂಜೆ ಸದಸ್ಯರ ಮುಂದೆ ಮಾಡಿದ ಭಾಷಣ)



ನಿಮ್ಮಲ್ಲಿ ಹಲವರು ಏಳು ಗಂಟೆಗೆ ಮತ್ತೆ ಹೋಟೆಲಿಗೆ ಹಾಜರಾಗಬೇಕಾದವರು. ಆದುದರಿಂದ ಪೀಠಿಕೆಯನ್ನು ಉದ್ದ ಮಾಡುವುದಿಲ್ಲ. ಇಂದು ನಾವು ಹೇಳಲಿರುವುದು ಒಂದು ಮನೆಯ ಸಂಗತಿ. ಆ ಮನೆ ಇದ್ದದ್ದು ಅಮೇರಿಕದ ಲಾಸ್ ಏಂಜಲಿಸ್ ನಗರದ ಹಾಲಿವುಡ್ ಭಾಗದಲ್ಲಿ, ಮರಿಪೋಸಾ ಅವೆನ್ಯೂ ಎಂಬ ರಸ್ತೆಯಲ್ಲಿ. ಅದು ಜನರಿಗೆ ತೆರೆದಿದ್ದದ್ದು 1972ರ ಜನವರಿ 30ರಿಂದ ಫೆಬ್ರವರಿ 28ರ ವರೆಗೆ, ಒಂದೇ ತಿಂಗಳು. ಈಗ ಆ ಮನೆ ಇಲ್ಲ. ಕೆಡವಿ ಎಷ್ಟೋ ವರ್ಷಗಳಾದುವು. ಹಾಗಿದ್ದೂ ಅದರ ಮಾತು ಇಲ್ಲಿ ಏಕೆ ಬಂತೆಂಬುದನ್ನು ಮೊದಲು ಅರಿಕೆ ಮಾಡಿಕೊಳ್ಳಬೇಕು.

ಕಳೆದ ತಿಂಗಳು ನಮ್ಮ ಸಮಿತಿಯ ಸಭೆ ಸೇರಿತ್ತು. ವಾರ್ಷಿಕೋತ್ಸವಕ್ಕೆ ಒಂದು ಪ್ರದರ್ಶನ ಏರ್ಪಡಿಸಬೇಕೆಂದು ಮಾತಾಯಿತು. ಏನೇನು ಇಡುವುದೆಂದು ಪಟ್ಟಿ ಮಾಡಿದೆವು: ಹಿಂದಿನ ಅಧ್ಯಕ್ಷರ ಭಾವಚಿತ್ರಗಳು, ದಾನಿಗಳ ಹೆಸರಿನ ಫಲಕ, ನಾಟಕದಲ್ಲಿ ಗೆದ್ದ ಷೀಲ್ಡುಗಳು, ಹಾರ ಹಾಕಿದ ಗಣ್ಯರ ಗ್ರೂಪ್ ಫೋಟೋಗಳು. ಪಟ್ಟಿ ಮುಗಿಯುವ ಹೊತ್ತಿಗೆ ಮಹಿಳಾ ವಿಭಾಗದ ಸೋದರಿಯೊಬ್ಬರು ಎದ್ದು, “ನಮ್ಮ ಅಡಿಗೆಮನೆಯದೊಂದು ಕೋಣೆ ಮಾಡಬಾರದೆ?” ಎಂದು ಕೇಳಿದರು. ಸಭೆ ನಕ್ಕಿತು. ನಾವೂ ನಕ್ಕೆವು, ಅದನ್ನು ಮುಚ್ಚಿಡುವುದಿಲ್ಲ. ಅಡಿಗೆಮನೆಯನ್ನು ನೋಡಲು ಯಾರು ಬರುತ್ತಾರೆ? ದಿನಕ್ಕೆ ಹನ್ನೆರಡು ಗಂಟೆ ಅದರೊಳಗೇ ಬೆಂದು ಬಂದವನು ರಜೆಯ ದಿನ ಮತ್ತೆ ಅದನ್ನೇ ನೋಡಲು ಬರುವನೆ?

ಸಭೆ ಮುಗಿದ ಮೇಲೆ ಒಬ್ಬ ಹುಡುಗ ನಮ್ಮನ್ನು ಬಾಗಿಲಲ್ಲಿ ತಡೆದು ನಿಲ್ಲಿಸಿದ. ಹೋಟೆಲಿನಲ್ಲಿ ಟೇಬಲ್ ಒರೆಸುತ್ತ ರಾತ್ರಿ ಶಾಲೆಯಲ್ಲಿ ಓದಿ, ಈಗ ಚಿತ್ರಕಲೆಯ ಶಾಲೆಗೆ ಸೇರಿರುವ ಹುಡುಗ. “ನೀವು ನಕ್ಕದ್ದನ್ನು ಅಮೇರಿಕದಲ್ಲಿ ವಿದ್ಯಾರ್ಥಿನಿಯರು ಐವತ್ತು ವರ್ಷದ ಹಿಂದೆಯೇ ಮಾಡಿದ್ದಾರೆ, ಹತ್ತು ಸಾವಿರ ಜನ ನೋಡಲು ಬಂದಿದ್ದರು” ಎಂದು ಹೇಳಿ ತನ್ನ ಫೋನಿನಲ್ಲಿ ಆ ಮನೆಯ ಚಿತ್ರಗಳನ್ನು ತೋರಿಸಿದ. ಅದರ ಮೇಲೆ ಜೊಹಾನಾ ಡೆಮೆಟ್ರಾಕಾಸ್ ಎಂಬಾಕೆ 1974ರಲ್ಲಿ ತಯಾರಿಸಿದ ಚಲನಚಿತ್ರವೂ ಇದೆ. ನಾವು ಆ ಮನೆಯನ್ನು ಕಣ್ಣಾರೆ ಕಂಡವರಲ್ಲ. ಚಿತ್ರಗಳಿಂದಲೂ ಓದಿದ ಲೇಖನಗಳಿಂದಲೂ ತಿಳಿದದ್ದನ್ನು ಹೇಳುತ್ತೇವೆ.

ಈ ಬಗೆಯ ಕಲೆಗೆ ಈಚೆಗೆ ಪ್ರತಿಷ್ಠಾಪನ ಕಲೆ ಎಂದು ಹೆಸರಿಟ್ಟಿದ್ದಾರೆ. ಹೆಸರು ದೊಡ್ಡದು, ಸಂಗತಿ ಸರಳ. ಗೋಡೆಗೆ ತೂಗುಹಾಕಿದ ಚಿತ್ರವನ್ನು ನಾವು ಎದುರಿಗೆ ನಿಂತು ನೋಡುತ್ತೇವೆ. ಇಲ್ಲಿ ಹಾಗಲ್ಲ, ನೋಡುವವನು ಚಿತ್ರದ ಒಳಕ್ಕೇ ಹೋಗಬೇಕು. ಲಾಲ್‌ಬಾಗ್, ಪರೇಲಿನ ಗಣೇಶೋತ್ಸವದ ದೇಖಾವೆಗಳನ್ನು ಸಾಲಿನಲ್ಲಿ ನಿಂತು ನೋಡಿದ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಗುಹೆ, ಅರಮನೆ ಎಂದು ಕಟ್ಟಿದ್ದರೆ ಅದರೊಳಗೆ ನಡೆದು ಹೋಗುತ್ತೇವೆ. ಬೆಳಕು, ಸದ್ದು, ಬಣ್ಣ ಎಲ್ಲ ಕಡೆಯಿಂದಲೂ ನಮ್ಮನ್ನು ಮುತ್ತುತ್ತದೆ. ಆ ಹುಡುಗಿಯರು ಕಟ್ಟಿದ್ದು ಮಾತ್ರ ಅರಮನೆಯಲ್ಲ. ಮನೆಯೊಳಗೆ ಮನೆಯನ್ನೇ ಕಟ್ಟಿದರು. ಅದಕ್ಕೆ ‘ವುಮನ್‌ಹೌಸ್’ ಎಂದು ಹೆಸರಿಟ್ಟರು. ಹೆಂಗಸಿನ ಮನೆ ಎನ್ನೋಣ.

ಇದರ ಹಿಂದಿನ ಕಥೆ ಹೀಗಿದೆ. ಜೂಡಿ ಚಿಕಾಗೋ ಎಂಬ ಕಲಾವಿದೆ 1970ರಲ್ಲಿ ಕ್ಯಾಲಿಫೋರ್ನಿಯದ ಫ್ರೆಸ್ನೋ ಊರಿನ ಕಾಲೇಜಿನಲ್ಲಿ ಹದಿನೈದು ಜನ ವಿದ್ಯಾರ್ಥಿನಿಯರನ್ನು ಕೂಡಿಸಿಕೊಂಡು ಹೆಂಗಸರಿಗೆಂದೇ ಒಂದು ಕಲಾ ತರಗತಿ ಆರಂಭಿಸಿದಳು. ಆ ಕಾಲದ ಕಲಾಶಾಲೆಗಳಲ್ಲಿ ಓದುವ ಹುಡುಗಿಯರು ಬೇಕಾದಷ್ಟಿದ್ದರು. ಕಲಿಸುವವರು ಹೆಚ್ಚುಕಡಿಮೆ ಗಂಡಸರೇ. ಮರುವರ್ಷ ಆ ತರಗತಿ ‘ಕ್ಯಾಲಿಫೋರ್ನಿಯ ಇನ್‌ಸ್ಟಿಟ್ಯೂಟ್ ಆಫ್ ದಿ ಆರ್ಟ್ಸ್’ ಎಂಬ ಕಲಾಶಾಲೆಗೆ ಬಂತು. ಅಲ್ಲಿ ಮಿರಿಯಂ ಶಪೀರೋ ಎಂಬ ಇನ್ನೊಬ್ಬ ಕಲಾವಿದೆ ಜೊತೆಗೂಡಿದಳು. ಶಾಲೆಯ ಹೊಸ ಕಟ್ಟಡ ಇನ್ನೂ ಸಿದ್ಧವಾಗಿರಲಿಲ್ಲ, ಇವರಿಗೆ ಕೆಲಸ ಮಾಡಲು ತಕ್ಕ ಜಾಗವಿಲ್ಲ. ಆಗ ಪಾಲಾ ಹಾರ್ಪರ್ ಎಂಬ ಕಲಾ ಇತಿಹಾಸದ ಅಧ್ಯಾಪಿಕೆ, ಮನೆಯೊಂದನ್ನೇ ಕಲಾಕೃತಿ ಮಾಡಬಾರದೇಕೆ ಎಂದು ಸೂಚಿಸಿದಳು. ಹುಡುಗಿಯರು ಬೀದಿ ಬೀದಿ ಅಲೆದು, ಕೆಡವುವುದಕ್ಕೆಂದು ಗೊತ್ತುಮಾಡಿದ್ದ ಹದಿನೇಳು ಕೋಣೆಗಳ ಹಳೆಯ ಮನೆಯೊಂದನ್ನು ಹುಡುಕಿ ತಾತ್ಕಾಲಿಕವಾಗಿ ಪಡೆದರು.

ಮನೆಯ ಸ್ಥಿತಿಯನ್ನು ಕೇಳಬೇಕು. ಕಿಟಕಿಗಳ ಗಾಜು ಒಡೆದಿತ್ತು. ನಲ್ಲಿಯಲ್ಲಿ ನೀರಿಲ್ಲ, ಚಳಿಗೆ ಬಿಸಿಯಿಲ್ಲ. 1971ರ ನವೆಂಬರಿನಲ್ಲಿ ಕೆಲಸ ಆರಂಭವಾಯಿತು. ಸುಮಾರು ಇಪ್ಪತ್ತು ಜನ ವಿದ್ಯಾರ್ಥಿನಿಯರು. ಅವರಲ್ಲಿ ಹೆಚ್ಚಿನವರು ಗರಗಸ ಹಿಡಿದವರಲ್ಲ, ವಿದ್ಯುತ್ ತಂತಿ ಮುಟ್ಟಿದವರಲ್ಲ. ಕಸ ಹೊತ್ತರು, ನೆಲ ಉಜ್ಜಿದರು, ಗಾಜು ಕೂರಿಸಿದರು, ಗೋಡೆ ಬಳಿದರು, ಮೆಟ್ಟಿಲಿನ ಕಟಕಟೆ ಸರಿಪಡಿಸಿದರು. ಚಿತ್ರ ಬರೆಯಲು ಶಾಲೆಗೆ ಸೇರಿದವರಿಗೆ ಬಡಗಿಯ ಕೆಲಸ ಏಕೆ ಎಂದು ಕೆಲವರು ಗೊಣಗಿದರಂತೆ. ಗುರುಗಳ ಒತ್ತಾಯ ವಿಪರೀತವಾಗಿತ್ತೆಂದು ಹಲವು ವರ್ಷಗಳ ಮೇಲೂ ಹೇಳಿದವರಿದ್ದಾರೆ. ಈ ದೂರನ್ನು ನಾವು ತಳ್ಳಿಹಾಕುವುದಿಲ್ಲ. ಒಳ್ಳೆಯ ಉದ್ದೇಶದ ಹೆಸರಿನಲ್ಲಿ ಹೊತ್ತುಮೀರಿ ದುಡಿಸಿಕೊಳ್ಳುವವರನ್ನು ನಾವೂ ಕಂಡಿದ್ದೇವೆ, ಸಂಘಗಳಲ್ಲಿಯೇ ಕಂಡಿದ್ದೇವೆ.

ಇನ್ನು, ಏನು ಮಾಡಬೇಕೆಂದು ಅವರು ನಿಶ್ಚಯಿಸಿದ ರೀತಿ ನಮಗೆ ಬಹಳ ಹಿಡಿಸಿತು. ಎಲ್ಲರೂ ದುಂಡಗೆ ಕೂತುಕೊಳ್ಳುವುದು. ಒಂದು ವಿಷಯ ಎತ್ತಿಕೊಳ್ಳುವುದು. ಒಬ್ಬೊಬ್ಬಳೂ ಸರದಿಯ ಮೇಲೆ ತನ್ನ ಬಾಳಿನಲ್ಲಿ ಕಂಡದ್ದನ್ನು ಹೇಳುವುದು, ಉಳಿದವರು ಕೇಳುವುದು. ಅಡಿಗೆಮನೆಯ ವಿಷಯ ಬಂದಾಗ ಒಬ್ಬಳಿಗೆ ತಾಯಿಯ ಅಕ್ಕರೆ ನೆನಪಾಯಿತು, ಇನ್ನೊಬ್ಬಳಿಗೆ ತಾಯಿಯ ಸಿಟ್ಟು. ಊಟ ಬಡಿಸುವ ಕೈಯೇ ಮನೆಯಲ್ಲಿ ಹೆಂಗಸಿಗಿದ್ದ ಒಂದೇ ಅಧಿಕಾರ, ಅದಕ್ಕಾಗಿಯೇ ಅಲ್ಲಿ ಅಷ್ಟು ಜಗಳ. ಇಂತಹ ಮಾತುಗಳಿಂದ ಆ ಕೋಣೆ ಹುಟ್ಟಿತು.

ರಾಬಿನ್ ವೆಲ್ಷ್, ವಿಕಿ ಹಾಜೆಟ್ಸ್, ಸೂಸನ್ ಫ್ರೇಜಿಯರ್ ಎಂಬ ಮೂವರು ಅದನ್ನು ಮಾಡಿದವರು. ಗೋಡೆ, ಮಾಡು, ಒಲೆ, ರೆಫ್ರಿಜರೇಟರು, ಸಮಸ್ತವೂ ಒಂದೇ ಮಾಂಸದಂತಹ ಗುಲಾಬಿ ಬಣ್ಣ. ಒಳಗೆ ಕಾಲಿಟ್ಟವನಿಗೆ ಎಲ್ಲಿ ಗೋಡೆ ಮುಗಿದು ಎಲ್ಲಿ ಒಲೆ ಆರಂಭವಾಯಿತೆಂದು ತಿಳಿಯದು. ತಲೆಯೆತ್ತಿ ನೋಡಿದರೆ ಮಾಡಿನ ತುಂಬ ಹುರಿದ ಕೋಳಿಮೊಟ್ಟೆಗಳ ಆಕಾರ; ಸಸ್ಯಾಹಾರಿ ಮಿತ್ರರು ಕ್ಷಮಿಸಬೇಕು. ಆ ಮೊಟ್ಟೆಗಳು ಗೋಡೆಯ ಮೇಲೆ ಕೆಳಗಿಳಿದು ಬರುತ್ತ ಬರುತ್ತ ಸ್ವಲ್ಪ ಸ್ವಲ್ಪವೇ ರೂಪ ಬದಲಾಯಿಸಿ ತಾಯಿಯ ಮೊಲೆಗಳಾಗುತ್ತವೆ. ಉಣಿಸಿ ಉಣಿಸಿ ಹೆಂಗಸು ಅಡಿಗೆಮನೆಯೇ ಆಗಿಬಿಟ್ಟಿದ್ದಾಳೆ. ಅವಳು ಬೇರೆ, ಒಲೆ ಬೇರೆ ಎಂದು ಯಾರೂ ಎಣಿಸುವುದಿಲ್ಲ.

ಇದು ಅಸಭ್ಯವೆಂದು ಯಾರಾದರೂ ಎಂದುಕೊಂಡರೆ ಅವರಿಗೊಂದು ಮಾತು. ಹೋಟೆಲಿನಲ್ಲಿ ‘ಮಾಣಿ’ ಎಂದು ಕೂಗಿದಾಗ ಓಡಿ ಬರುವ ಹುಡುಗನಿಗೆ ತಂದೆತಾಯಿ ಇಟ್ಟ ಹೆಸರೊಂದಿದೆ. ಅದನ್ನು ಕೇಳಿದ ಗಿರಾಕಿ ಎಷ್ಟು ಮಂದಿ? ಗಿರಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರು ಈ ಮುಂದಿನ ಸಾಲಿನಲ್ಲಿಯೇ ಕೂತಿದ್ದಾರೆ. ಗಿರಣಿಯ ಭೋಂಗಾ ನಿಂತು ಎಷ್ಟೋ ಕಾಲವಾಯಿತು; 1982ರ ಮುಷ್ಕರದ ಮೇಲೆ ಒಂದೊಂದಾಗಿ ಬಾಗಿಲು ಹಾಕಿದ ಗಿರಣಿಗಳ ಜಾಗದಲ್ಲಿ ಈಗ ಗಾಜಿನ ಕಟ್ಟಡಗಳೆದ್ದಿವೆ. ಆದರೂ ತಮ್ಮ ಹಾಜರಿ ಟಿಕೇಟಿನ ನಂಬರನ್ನು ಈ ಹಿರಿಯರು ಈಗಲೂ ತಪ್ಪದೆ ಹೇಳಬಲ್ಲರು. ಕೆಲಸವೇ ಮನುಷ್ಯನ ಹೆಸರಾಗಿಬಿಡುವುದೆಂದರೇನೆಂದು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆ ಹುಡುಗಿಯರು ಅದನ್ನು ಬಣ್ಣದಲ್ಲಿ ಹೇಳಿದರು.

ಬೇರೆ ಕೋಣೆಗಳನ್ನು ಬೇಗ ಬೇಗ ದಾಟುತ್ತೇವೆ. ಮೆಟ್ಟಿಲ ಮೇಲೆ ಬಿಳಿಯ ಉಡುಪಿನ ಮದುಮಗಳ ಬೊಂಬೆ. ಅವಳ ಉಡುಪಿನ ಉದ್ದನೆಯ ಸೆರಗು ಮೆಟ್ಟಿಲುಗಳ ಮೇಲೆ ಹರಿದು, ಅಡಿಗೆಮನೆಯ ಕಡೆಗೆ ಸಾಗುತ್ತ ಸಾಗುತ್ತ ಮಾಸಿ ಬೂದುಬಣ್ಣವಾಗುತ್ತದೆ. ಒಂದು ಕೋಣೆಯಲ್ಲಿ ಹುಡುಗಿಯೊಬ್ಬಳು ವಯಸ್ಸು ಮೀರುತ್ತಿರುವ ಚೆಲುವೆಯ ವೇಷದಲ್ಲಿ ಕನ್ನಡಿಯ ಮುಂದೆ ಕೂತು ಮುಖಕ್ಕೆ ಬಣ್ಣ ಬಳಿದುಕೊಳ್ಳುತ್ತಾಳೆ, ತೃಪ್ತಿಯಾಗದೆ ಒರೆಸುತ್ತಾಳೆ, ಮತ್ತೆ ಬಳಿಯುತ್ತಾಳೆ. ನೋಡುವವರು ಬಂದು ಹೋಗುತ್ತಿರುತ್ತಾರೆ, ಅವಳ ಕೆಲಸ ಮುಗಿಯುವುದಿಲ್ಲ. ಕೊಲೆಟ್ ಎಂಬ ಫ್ರೆಂಚ್ ಲೇಖಕಿಯ ಕಾದಂಬರಿಯ ಪಾತ್ರವೊಂದು ಅದಕ್ಕೆ ಆಧಾರ. ಇನ್ನೊಂದು ಕಡೆ ಫೇತ್ ವೈಲ್ಡಿಂಗ್ ಎಂಬ ವಿದ್ಯಾರ್ಥಿನಿ ಬಿಳಿಯ ನೂಲಿನಿಂದ ಕ್ರೋಷಾ ಹೆಣೆದು ಒಂದು ಕೋಣೆಯನ್ನೇ ಜೇಡನ ಬಲೆಯಂತೆ ತುಂಬಿದ್ದಳು. ಬಿಡುವಿನ ವೇಳೆಯಲ್ಲಿ ಟೇಬಲ್ ಕ್ಲಾತು ಹೆಣೆಯುವ ನಮ್ಮ ಸೋದರಿಯರು ಈ ಮಾತನ್ನು ಗಮನಿಸಬೇಕು.

ಸ್ನಾನದ ಕೋಣೆಯೊಂದು ಜೂಡಿ ಚಿಕಾಗೋಳ ಕೈಕೆಲಸ. ಅಚ್ಚ ಬಿಳಿಯ ಕೋಣೆ, ಬಾಗಿಲಿಗೆ ತೆಳುಪರದೆ. ಒಳಗೆ ಮುಟ್ಟಿನ ದಿನಗಳಲ್ಲಿ ಬೇಕಾಗುವ ವಸ್ತುಗಳನ್ನು ಶೆಲ್ಫಿನಲ್ಲಿ ಸಾಲಾಗಿ ಜೋಡಿಸಿದೆ. ಬಳಸಿ ಹಾಕಿದವು ತೊಟ್ಟಿಯಲ್ಲಿ ತುಂಬಿ ತುಳುಕುತ್ತಿವೆ. ಮನೆಯ ಹಿತ್ತಿಲಿನಲ್ಲಿ ಮೂರು ದಿನ ‘ಹೊರಗೆ’ ಕೂತ ತಾಯಂದಿರ ಮಕ್ಕಳು ನಾವು. ಆ ಮಾತನ್ನು ಸಭೆಯಲ್ಲಿ ಆಡಬಾರದೆಂಬ ಸಂಕೋಚ ಈಗ ಈ ಕ್ಷಣದಲ್ಲಿಯೂ ನಮ್ಮ ನಾಲಿಗೆಯನ್ನು ಹಿಡಿಯುತ್ತಿದೆ. ಆದರೂ ಆಡಿದ್ದೇವೆ.

ನಮ್ಮ ಕಣ್ಣಿಗೆ ಕಟ್ಟಿದಂತೆ ಉಳಿದಿರುವುದು ಬಟ್ಟೆಯ ಬೀರು. ಸಾಂಡ್ರಾ ಆರ್ಗೆಲ್ ಎಂಬ ವಿದ್ಯಾರ್ಥಿನಿ ಮಾಡಿದ್ದು. ಹಾಸಿಗೆ ಬಟ್ಟೆಗಳನ್ನು ಮಡಿಚಿಟ್ಟ ಗೋಡೆಬೀರು ಒಂದಿದೆ. ಅದರೊಳಗೆ ಒಂದು ಹೆಣ್ಣುಬೊಂಬೆ. ಶೆಲ್ಫಿನ ಹಲಗೆಗಳು ಅವಳ ಮೈಯನ್ನು ಅಡ್ಡಡ್ಡಲಾಗಿ ಸೀಳಿಕೊಂಡು ಹೋಗಿವೆ. ಮಡಿಚಿದ ಬಟ್ಟೆಯ ನಡುವೆ ಅವಳೂ ಒಂದು ವಸ್ತು. ಆದರೆ ಒಂದು ಕಾಲು ಬೀರುವಿನಿಂದ ಹೊರಕ್ಕೆ ಬಂದಿದೆ, ಹೆಜ್ಜೆ ಇಡುವಂತೆ. ಆ ಕಾಲನ್ನು ಹೊರಗಿಟ್ಟದ್ದರಲ್ಲಿ ಆ ಹುಡುಗಿಯ ಜಾಣತನವೆಲ್ಲ ಇದೆ ಎಂದು ನಮಗೆ ತೋರಿತು. ಒಳಗೇ ಉಳಿಸಿದ್ದರೆ ಅದು ಬರಿಯ ಅಳುವಾಗುತ್ತಿತ್ತು.

ಮನೆಯ ದೊಡ್ಡ ಕೋಣೆಯಲ್ಲಿ ಸಣ್ಣ ಸಣ್ಣ ಅಭಿನಯಗಳೂ ನಡೆಯುತ್ತಿದ್ದುವು. ನಾಟಕವೆಂದು ಕರೆಯುವುದು ಕಷ್ಟ. ಒಬ್ಬಳು ಬಂದು ಮೊಣಕಾಲೂರಿ ನೆಲ ಉಜ್ಜುತ್ತಾಳೆ. ಇನ್ನೊಬ್ಬಳು ಬಂದು ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುತ್ತಾಳೆ. ಮಾತಿಲ್ಲ, ಹಾಡಿಲ್ಲ. ನೆಲ ಉಜ್ಜಿ ಆಗುವವರೆಗೂ ನೋಡುವವರು ಕೂತಿರಬೇಕು. ನಮ್ಮ ಹೋಟೆಲುಗಳಲ್ಲಿ ರಾತ್ರಿ ಹನ್ನೊಂದಕ್ಕೆ ಕುರ್ಚಿಗಳನ್ನು ಮೇಜಿನ ಮೇಲೆ ಏರಿಸಿ ನೆಲ ತೊಳೆಯುವ ಹುಡುಗನನ್ನು, ಕೆಲಸ ಮುಗಿಯುವ ತನಕ ಕೂತು ನೋಡಿದವರು ನಮ್ಮಲ್ಲಿ ಯಾರಾದರೂ ಇದ್ದೀರಾ? ನಾವಂತೂ ನೋಡಿಲ್ಲ. ಹೊರಗೆ ಬರುವಾಗ ಒದ್ದೆ ನೆಲವೆಂದು ಅವನನ್ನು ಗದರಿದ್ದುಂಟು.

ಇನ್ನೊಂದು ಅಭಿನಯಕ್ಕೆ ‘ಕಾಯುವುದು’ ಎಂದು ಹೆಸರು. ಕ್ರೋಷಾ ಹೆಣೆದ ಆ ಫೇತ್ ವೈಲ್ಡಿಂಗಳೇ ಅದನ್ನು ಬರೆದು ಅಭಿನಯಿಸಿದಳು. ಒಂದು ಕುರ್ಚಿ. ಅದರಲ್ಲಿ ಹೆಂಗಸೊಬ್ಬಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತು ಹಿಂದಕ್ಕೂ ಮುಂದಕ್ಕೂ ತೂಗುತ್ತ, ಒಂದೇ ಸಮನಾದ ದನಿಯಲ್ಲಿ, ತಾನು ಬಾಳಿನಲ್ಲಿ ಕಾಯುತ್ತ ಬಂದದ್ದನ್ನೆಲ್ಲ ಹೇಳುತ್ತ ಹೋಗುತ್ತಾಳೆ. ಕೂಸಾಗಿದ್ದಾಗ ಯಾರಾದರೂ ಎತ್ತಿಕೊಂಡಾರೆಂದು ಕಾದದ್ದು, ಬೆಳೆಯಲು ಕಾದದ್ದು, ಮದುವೆಗೆ, ಗಂಡನಿಗೆ, ಹೆರಿಗೆಗೆ, ಮಕ್ಕಳು ಶಾಲೆಯಿಂದ ಬರುವುದಕ್ಕೆ ಕಾದದ್ದು, ಕೊನೆಗೆ ಮುಪ್ಪು, ನೋವು, ಸಾವು. ಹದಿನೈದು ನಿಮಿಷ. ಬೇರೇನೂ ನಡೆಯುವುದಿಲ್ಲ.

ಇದನ್ನು ಕೇಳಿದ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ ನಾವು ಊರು ಬಿಟ್ಟು ಮುಂಬಯಿಗೆ ಬಂದೆವು. ಬಂದ ಕಥೆಯನ್ನು ಈ ವೇದಿಕೆಯಿಂದಲೇ ಅದೆಷ್ಟೋ ಸಲ ಹೇಳಿದ್ದೇವೆ. ಬಟ್ಟಲು ತೊಳೆದದ್ದು, ಹೋಟೆಲಿನ ಬೆಂಚಿನ ಮೇಲೆ ಮಲಗಿದ್ದು, ರಾತ್ರಿ ಶಾಲೆಗೆ ಓಡಿದ್ದು. ಕೇಳಿದವರು ಚಪ್ಪಾಳೆ ತಟ್ಟಿದ್ದಾರೆ. ಆದರೆ ಅದೇ ವರ್ಷಗಳಲ್ಲಿ ಊರಿನ ಜಗಲಿಯಲ್ಲಿ ಅಂಚೆಯವನ ದಾರಿ ಕಾಯುತ್ತ ಕೂತಿದ್ದ ನಮ್ಮ ತಾಯಿಯ ಕಥೆಯನ್ನು ಒಂದು ಸಲವೂ ಹೇಳಿಲ್ಲ. ಅದು ಕಥೆಯೆಂದೇ ನಮಗೆ ಹೊಳೆದಿರಲಿಲ್ಲ. ಮನಿಆರ್ಡರು ಬಂದ ದಿನ ಆಕೆ ಏನು ಮಾಡುತ್ತಿದ್ದಳು, ಬಾರದ ತಿಂಗಳು ಅಂಗಡಿಯವನಿಗೆ ಏನೆಂದು ಹೇಳುತ್ತಿದ್ದಳು, ನಮಗೆ ಗೊತ್ತಿಲ್ಲ. ಕೇಳಲಿಲ್ಲ. ಈಗ ಕೇಳೋಣವೆಂದರೆ ಆಕೆ ಇಲ್ಲ. ಮುಂದೆ ಮದುವೆಯಾಗಿ, ಚಾಳಿನಲ್ಲಿ ಕೋಣೆ ಸಿಗುವ ತನಕ ಏಳು ವರ್ಷ ಹೆಂಡತಿಯನ್ನು ಊರಿನಲ್ಲಿಯೇ ಬಿಟ್ಟಿದ್ದೆವು. ಆ ಏಳು ವರ್ಷದ ವಿಷಯವನ್ನು ಮೊನ್ನೆ ಮೊದಲ ಬಾರಿ ಆಕೆಯನ್ನು ಕೇಳಿದೆವು. ಆಕೆ ಒಲೆಯ ಕಡೆ ತಿರುಗಿ, “ಈಗ ಯಾಕೆ ಅದು?” ಎಂದಳು. ಬಹಳ ಹೊತ್ತಿನ ಮೇಲೆ ಹೇಳತೊಡಗಿದಳು. ಏನು ಹೇಳಿದಳೆಂಬುದು ಇಲ್ಲಿ ಬೇಡ.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಕೊರತೆಯನ್ನೂ ಹೇಳಬೇಕು. ಆ ಮನೆಯನ್ನು ಮಾಡಿದವರು ಹೆಚ್ಚಿನಂಶ ಬಿಳಿಯ ಜನಾಂಗದ ಮಧ್ಯಮ ವರ್ಗದ ಹುಡುಗಿಯರು. ತಮ್ಮ ತಮ್ಮ ಮನೆಯೊಳಗೆ ಕಟ್ಟಿಹಾಕಲ್ಪಟ್ಟ ಗೃಹಿಣಿಯರ ದುಃಖವನ್ನು ಅವರು ಚೆನ್ನಾಗಿ ಬಲ್ಲರು. ಆದರೆ ಅದೇ ಕಾಲದ ಅದೇ ದೇಶದಲ್ಲಿ ಕೂಲಿಗಾಗಿ ಪರರ ಮನೆಯ ನೆಲ ಉಜ್ಜಿ, ಪರರ ಬಟ್ಟೆಗೆ ಇಸ್ತ್ರಿ ಹಾಕಿ, ಆಮೇಲೆ ತಮ್ಮ ಮನೆಗೆ ಬಂದು ಅದನ್ನೇ ಮತ್ತೆ ಮಾಡುವ ಕರಿಯ ಹೆಂಗಸರೂ ಮೆಕ್ಸಿಕೋ ಮೂಲದ ಹೆಂಗಸರೂ ಇದ್ದರು. ಹದಿನೇಳು ಕೋಣೆಗಳಲ್ಲಿ ಅವರಿಗೊಂದು ಕೋಣೆ ಸಿಕ್ಕಂತೆ ಕಾಣಲಿಲ್ಲ. ಈ ಆಕ್ಷೇಪವನ್ನು ನಮಗಿಂತ ಮೊದಲೇ ಅಲ್ಲಿಯ ವಿಮರ್ಶಕರು ಎತ್ತಿದ್ದಾರೆ, ನ್ಯಾಯವೇ ಆಗಿದೆ. ಮುಂಬಯಿಯಲ್ಲಿ ನಾವು ಕೋಣೆ ಮಾಡಿದರೆ, ನಮ್ಮ ಚಾಳುಗಳಿಗೆ ಬೆಳಗ್ಗೆ ಐದಕ್ಕೆ ಬಂದು ಪಾತ್ರೆ ತಿಕ್ಕುವ ಹೆಂಗಸು ಅದರಲ್ಲಿ ಎಲ್ಲಿರುತ್ತಾಳೆ? ಇದನ್ನು ಈಗಲೇ ಕೇಳಿಕೊಳ್ಳುವುದು ಮೇಲು.

ಪ್ರದರ್ಶನದ ಮೊದಲ ದಿನ ಹೆಂಗಸರಿಗೆ ಮಾತ್ರ ಪ್ರವೇಶವಿತ್ತು, ಆಮೇಲೆ ಎಲ್ಲರಿಗೂ. ಒಂದು ತಿಂಗಳಲ್ಲಿ ಸುಮಾರು ಹತ್ತು ಸಾವಿರ ಜನ ಬಂದರು. ಪ್ರದರ್ಶನ ಮುಗಿದ ಮೇಲೆ ಮನೆಯನ್ನು ಕೆಡವಿದರು. ಅಂದಿನ ವಸ್ತುಗಳಲ್ಲಿ ಹೆಚ್ಚಿನವು ನಷ್ಟವಾದುವು. ಶಪೀರೋ ಮತ್ತು ಷೆರಿ ಬ್ರೋಡಿ ಎಂಬ ವಿದ್ಯಾರ್ಥಿನಿ ಸೇರಿ ಮಾಡಿದ ಪುಟ್ಟ ಬೊಂಬೆಮನೆ ಮಾತ್ರ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಕಲಾ ಸಂಗ್ರಹಾಲಯವನ್ನು ಸೇರಿ ಉಳಿದಿದೆ.

ಮತ್ತೆ ನಮ್ಮ ಪ್ರದರ್ಶನಕ್ಕೆ ಬರೋಣ. ಈ ವಿಷಯವನ್ನು ಮೊನ್ನೆ ಸಮಿತಿಯ ಮುಂದೆ ಇಟ್ಟಾಗ ಹಿರಿಯ ಸದಸ್ಯರೊಬ್ಬರು ಒಂದು ಮಾತು ಕೇಳಿದರು: “ಕಷ್ಟಪಟ್ಟು ಮೇಲೆ ಬಂದವರು ನಾವು. ನಮ್ಮ ಬಡತನವನ್ನು ಬಾಗಿಲು ತೆರೆದು ಊರಿಗೆಲ್ಲ ತೋರಿಸಬೇಕೆ? ಮೊಮ್ಮಕ್ಕಳು ನೋಡಿ ಏನೆಂದುಕೊಳ್ಳುತ್ತಾರೆ?” ಇದು ಹಗುರಾಗಿ ತೆಗೆದುಹಾಕುವ ಮಾತಲ್ಲ. ತಾವು ಮಲಗಿದ್ದ ಬೆಂಚನ್ನು ಮತ್ತೆ ನೋಡಲಾರೆನೆಂಬ ಮನುಷ್ಯನಿಗೆ ಅದರ ಹಕ್ಕಿದೆ. ಯಾರ ವಸ್ತುವನ್ನೂ ಅವರು ಒಪ್ಪದೆ ಇಡುವುದಿಲ್ಲವೆಂದು ಅವರಿಗೆ ಮಾತು ಕೊಟ್ಟಿದ್ದೇವೆ. ಅವರು ಇನ್ನೂ ಪೂರ್ತಿ ಒಪ್ಪಿಲ್ಲ. ಆದರೆ ಮಾರನೆಯ ದಿನ ತಮ್ಮ ತಗಡಿನ ಟ್ರಂಕನ್ನು ಮಗನ ಕೈಯಲ್ಲಿ ವಾಚನಾಲಯಕ್ಕೆ ಕಳುಹಿಸಿದ್ದಾರೆ. ಬೀಗ ಹಾಕಿಯೇ ಇದೆ. ಬೀಗದಕೈ ಕಳುಹಿಸಿಲ್ಲ. ಹಾಗೆಯೇ ಇಡುವುದೆಂದು ಹುಡುಗರು ನಿಶ್ಚಯಿಸಿದ್ದಾರೆ.

ಅಧ್ಯಕ್ಷರ ಭಾವಚಿತ್ರಗಳು ಸಭಾಂಗಣದಲ್ಲಿ ಎಂದಿನಂತೆಯೇ ಇರುತ್ತವೆ, ಆ ಬಗ್ಗೆ ಯಾರೂ ಚಿಂತಿಸಬೇಕಾಗಿಲ್ಲ. ಹಿಂದಿನ ಎರಡು ಕೋಣೆಗಳನ್ನು ಮಾತ್ರ ರಾತ್ರಿ ಶಾಲೆಯ ವಿದ್ಯಾರ್ಥಿಗಳಿಗೂ ಮಹಿಳಾ ವಿಭಾಗಕ್ಕೂ ಬಿಟ್ಟುಕೊಡುವುದೆಂದು ಸಮಿತಿ ಒಪ್ಪಿದೆ. ಒಂದು ಕೋಣೆಯಲ್ಲಿ ಏನು ಮಾಡಬೇಕೆಂದು ಹುಡುಗರು ನಿಶ್ಚಯಿಸುವರು, ಇನ್ನೊಂದರಲ್ಲಿ ಸೋದರಿಯರು. ನಾವು ಹಿರಿಯರು ಸಲಹೆ ಕೊಡಲು ಹೋಗಕೂಡದೆಂಬುದು ಅವರ ಷರತ್ತು, ಕಷ್ಟವಾದರೂ ಒಪ್ಪಿದ್ದೇವೆ. ಬುಧವಾರ ಮಧ್ಯಾಹ್ನ ಮೂರರಿಂದ ಐದರ ವರೆಗೆ, ಹೋಟೆಲಿನ ಬಿಡುವಿನ ವೇಳೆಯಲ್ಲಿ, ದುಂಡಗೆ ಕೂತು ಮಾತನಾಡುವ ಸಭೆ ಇದೆ. ಮಹಿಳೆಯರದು ಶನಿವಾರ, ಗಂಡಸರಿಗೆ ಪ್ರವೇಶವಿಲ್ಲ. ಹಳೆಯ ಟ್ರಂಕು, ಹಾಜರಿ ಟಿಕೇಟು, ಮನಿಆರ್ಡರಿನ ರಸೀದಿ, ಊರಿನಿಂದ ಬಂದ ಕಾಗದ, ಸವೆದ ಸೌಟು, ಏನಿದ್ದರೂ ವಾಚನಾಲಯದ ಗುಮಾಸ್ತರಲ್ಲಿ ಒಪ್ಪಿಸಿ ರಸೀದಿ ಪಡೆಯತಕ್ಕದ್ದು. ವಸ್ತುವಿನ ಮೇಲೆ ಚೀಟಿ ಅಂಟಿಸಿ ಅದರಲ್ಲಿ ನಿಮ್ಮ ಪೂರ್ತಿ ಹೆಸರು ಬರೆಯಬೇಕು. ಹೋಟೆಲಿನಲ್ಲಿ ಕರೆಯುವ ಹೆಸರಲ್ಲ, ಮನೆಯಲ್ಲಿ ಇಟ್ಟ ಹೆಸರು.